‘ಡ್ರಗ್ ಮ್ಯೂಲ್’ ಆದ ಹೆಂಗಸಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಲ್ಯಾಟಿನ್ ಅಮೆರಿಕದ ಹೆಣ್ಣು ಕೈದಿಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಮ್ಯೂಲ್’ ಅನ್ನುವ ಪದಕ್ಕೆ ಬಂದು ಪೆನ್ನು ನಿಂತಿದೆ. ಡ್ರಗ್ಸನ್ನು ಪೆಟ್ಟಿಗೆಯಲ್ಲೋ ಬಟ್ಟೆಯೊಳಗೋ ನುಂಗಿ ಹೊಟ್ಟೆಯಲ್ಲೋ ಇಟ್ಟುಕೊಂಡು ಗಡಿ ದಾಟಿಸುವವರು ಇವರು. ಸರಕು ಬೇರೆಯವರದು, ಇವರಿಗೆ ಸಿಗುವುದು ಕೂಲಿ.

ಸ್ಪ್ಯಾನಿಷ್‌ನಲ್ಲಿ ‘ಮುಲಾ’ ಅಂತಾರೆ. ಸ್ತ್ರೀಲಿಂಗದ ಪದ, ಗಂಡಸು ಹೊತ್ತರೂ ‘ಮುಲಾ’ನೇ. ಪೆರುವಿನವರು ಕತ್ತೆ ಎಂಬರ್ಥದ ‘ಬುರ್ರೊ’ಗೆ ಕೊರಿಯರ್ ಸೇರಿಸಿ ‘ಬುರಿಯರ್’ ಮಾಡಿಕೊಂಡಿದ್ದಾರೆ. ‘ಮ್ಯೂಲ್’ಗೆ ನಮ್ಮ ನಿಘಂಟಿನಲ್ಲಿ ಸಿಗುವುದು ಹೇಸರಗತ್ತೆ. ‘ಹೇಸರಗತ್ತೆ ಮಹಿಳೆಯ ಬಂಧನ’ ಅಂತ ಬರೆದರೆ ಓದುವವರು ನಗುತ್ತಾರೆ, ಅಲ್ವಾ? ಕನ್ನಡದಲ್ಲಿ ಮನುಷ್ಯರನ್ನು ಕತ್ತೆ ಅಂದರೆ ಜಾಸ್ತಿ ಕೇಳಿಸುವುದು ದಡ್ಡತನವೇ. ‘ಕತ್ತೆ ಥರ ದುಡಿದೆ’ ಅನ್ನುವಾಗ ಮಾತ್ರ ಹೊರೆ ನೆನಪಾಗುತ್ತದೆ.

ನಮ್ಮ ಸುದ್ದಿಗಳಲ್ಲಿ ಸಿಕ್ಕಿಬಿದ್ದವರೆಲ್ಲ ‘ಪೆಡ್ಲರ್’. ಆದರೆ ಪೆಡ್ಲರ್ ಮಾರುವವನು, ಮ್ಯೂಲ್ ಮಾರುವುದಿಲ್ಲ. ಹೆಂಗಸು ಸಿಕ್ಕಿದಳೋ, ತಕ್ಷಣ ‘ಮಾದಕ ರಾಣಿ’. ಇದು ನನಗೆ ತೀರಾ ಕಿರಿಕಿರಿ. ಮಾದಕ ಅಂದರೆ ಅಮಲು ಬರಿಸುವಂಥದ್ದು, ಸರಿ. ಅದೇ ಪದವನ್ನು ಸಿನಿಮಾ ಪುಟದಲ್ಲಿ ‘ಮಾದಕ ಚೆಲುವೆ’ ಅಂತಲೂ ಬಳಸುತ್ತೇವೆ. ಒಂದೇ ತಲೆಬರಹದಲ್ಲಿ ಆರೋಪವೂ ಆಯಿತು, ಮೈಮೇಲೆ ಕಣ್ಣಾಡಿಸಿದ್ದೂ ಆಯಿತು. ಗಂಡಸಾದರೆ ‘ಕಿಂಗ್‌ಪಿನ್’, ಅಲ್ಲಿಗೆ ಮುಗಿಯಿತು.

ಈ ದಂಧೆಯಲ್ಲಿ ರಾಣಿಯರು ಇರಲೇ ಇಲ್ಲ ಅಂತಲ್ಲ. 1930ರ ದಶಕದಲ್ಲಿ ಮೆಕ್ಸಿಕೊ ಗಡಿಯ ಹುವಾರೆಸ್ ಊರಿನಲ್ಲಿ ‘ಲಾ ನಾಚಾ’ ಎಂಬ ಇಗ್ನಾಸಿಯಾ ಹಾಸ್ಸೊ ಹೆರಾಯಿನ್ ವ್ಯಾಪಾರ ನಡೆಸಿದಳು. ಮಯಾಮಿಯ ಕೊಕೇನ್ ದಂಧೆಯಲ್ಲಿ ಹೆಸರು ಮಾಡಿದ ಗ್ರಿಸೆಲ್ಡಾ ಬ್ಲಾಂಕೊ 2012ರಲ್ಲಿ ಕೊಲಂಬಿಯಾದ ಮೆಡೆಯಿನ್‌ನಲ್ಲಿ ಗುಂಡಿಗೆ ಬಲಿಯಾದಳು. ಇಂಥವರು ಬೆರಳೆಣಿಕೆ. ಜೈಲು ತುಂಬಿರುವುದು ಕೆಳಗಿನ ಮೆಟ್ಟಿಲಿನವರಿಂದ. ವಿಶ್ವಸಂಸ್ಥೆಯ 2018ರ ಡ್ರಗ್ಸ್ ವರದಿಯ ಪ್ರಕಾರ ಜಗತ್ತಿನ ಹೆಣ್ಣು ಕೈದಿಗಳಲ್ಲಿ ಶೇ. 35ರಷ್ಟು ಜನ ಡ್ರಗ್ಸ್ ಕೇಸಿನವರು. ಗಂಡಸರಲ್ಲಿ ಇದು ಶೇ. 19. ಕೋಸ್ಟರಿಕಾದಲ್ಲಿ ಜೈಲಿನೊಳಗೆ ಡ್ರಗ್ಸ್ ಒಯ್ದು ಸಿಕ್ಕಿಬಿದ್ದ ಹೆಂಗಸರಿಗೆ 8ರಿಂದ 20 ವರ್ಷ ಶಿಕ್ಷೆ ಇತ್ತು. ಅವಳು ಕಡುಬಡವಿಯೋ, ಮಕ್ಕಳನ್ನು ಒಬ್ಬಳೇ ಸಾಕುವವಳೋ ಆಗಿದ್ದರೆ ಅದನ್ನು 2013ರಲ್ಲಿ 3ರಿಂದ 8 ವರ್ಷಕ್ಕೆ ಇಳಿಸಿದರು. ಡ್ರಗ್ಸ್ ತಡೆಯುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಮುಖ್ಯವಾಗಿ ನೋಡುವುದು ತೂಕವನ್ನು. ಹೆರಾಯಿನ್ 250 ಗ್ರಾಂ, ಗಾಂಜಾ 20 ಕಿಲೋ ದಾಟಿದರೆ ಕನಿಷ್ಠ 10 ವರ್ಷ. ಹೊತ್ತವಳಿಗೂ ಅಷ್ಟೇ, ಹೊರಿಸಿದವನಿಗೂ ಅಷ್ಟೇ.

‘ಕಳ್ಳಸಾಗಣೆದಾರಳು’ ಅನ್ನಬಹುದು. ಆದರೆ ಅದು ಗೊತ್ತಿದ್ದೇ ಮಾಡಿದಳು ಅಂತ ತೀರ್ಪು ಕೊಟ್ಟುಬಿಡುತ್ತದೆ. ಫಿಲಿಪೀನ್ಸ್‌ನ ಮೇರಿ ಜೇನ್ ವೆಲೊಸೊ 2010ರಲ್ಲಿ ಇಂಡೊನೇಷ್ಯಾದ ಯೋಗ್ಯಕರ್ತಾದಲ್ಲಿ 2.6 ಕಿಲೋ ಹೆರಾಯಿನ್ ಜೊತೆ ಸಿಕ್ಕಿಬಿದ್ದಳು. ಸೂಟ್‌ಕೇಸಿನಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ ಅನ್ನುವುದು ಅವಳ ವಾದ. ಮರಣದಂಡನೆ ವಿಧಿಸಿದರು, 2015ರಲ್ಲಿ ಕೊನೇ ಗಳಿಗೆಯಲ್ಲಿ ತಪ್ಪಿತು, 2024ರ ಡಿಸೆಂಬರಿನಲ್ಲಿ ಸ್ವದೇಶಕ್ಕೆ ಕಳಿಸಿದರು. ಇವಳನ್ನು ಏನಂತ ಕರೆಯುವುದು?

‘ಸಾಗಾಟಗಾರ್ತಿ’ ಅಂದರೆ ಲಾರಿ ಇಟ್ಟುಕೊಂಡವಳ ಹಾಗೆ ಕೇಳಿಸುತ್ತದೆ. ವಂಚಕರು ಹಣ ಸಾಗಿಸಲು ಬಳಸುವ ಬೇರೆಯವರ ಬ್ಯಾಂಕ್ ಖಾತೆಗೆ, ಅಂದರೆ ‘ಮ್ಯೂಲ್ ಅಕೌಂಟ್’ಗೆ, ಕೆಲವರು ‘ಬಾಡಿಗೆ ಖಾತೆ’ ಅನ್ನುತ್ತಾರೆ, ಚೆನ್ನಾಗಿದೆ. ಹೆಂಗಸಿನ ಹಿಂದೆ ‘ಬಾಡಿಗೆ’ ಹಚ್ಚಿದರೆ ಮಾತ್ರ ಅರ್ಥ ಎಲ್ಲಿಗೋ ಹೋಗುತ್ತದೆ.

ಸದ್ಯಕ್ಕೆ ನನ್ನ ಒಲವು ‘ಹೊರೆಯಾಳು’ ಕಡೆ. ಆಳು ಅಂದ ಮೇಲೆ ದುಡಿಸುವ ಧಣಿ ಒಬ್ಬ ಇದ್ದಾನೆ ಅಂತ ತಾನಾಗಿ ಗೊತ್ತಾಗುತ್ತದೆ. ಹೆಣ್ಣಾಳು, ಗಂಡಾಳು ಇಬ್ಬರಿಗೂ ಸಲ್ಲುತ್ತದೆ. ಹೆಣ್ಣಾಳಿಗೆ ಕೂಲಿ ಕಮ್ಮಿ ಅನ್ನುವುದೂ ಹೊಲದ ಮಾತು ಬಲ್ಲವರಿಗೆ ಹೊಳೆಯುತ್ತದೆ.

ಕರಾವಳಿಯವರಿಗೆ ಒಂದು ಪ್ರಶ್ನೆ. ಗಲ್ಫ್‌ನಿಂದ ಚಿನ್ನ ಹೊತ್ತು ತರುವವರಿಗೆ ನಿಮ್ಮ ಕಡೆ ‘ಕ್ಯಾರಿಯರ್’ ಬಿಟ್ಟು ಬೇರೆ ಹೆಸರು ಇದೆಯೇ? (ಕ್ಯಾರಿಯರ್ ಅಂದರೆ ನನಗೆ ಊಟದ ಡಬ್ಬಿಯೇ ಕಾಣಿಸುತ್ತದೆ.) ಹೆಂಗಸು ತಂದರೆ ಅದೇ ಹೆಸರೋ, ಬೇರೆಯೋ? ತುಳು, ಬ್ಯಾರಿ ಮಾತಿನ ಪದವಾದರೂ ನಡೆಯುತ್ತದೆ, ತಿಳಿಸಿ.