ಮಂಗಳೂರು ವಿಮಾನಕ್ಕೆ ಮೊದಲು ವಯಸ್ಸಾದ ತಾಯಿಯೊಂದಿಗೆ ಲೌಂಜ್‌ಗೆ ಹೋಗುವುದು ಒಳ್ಳೆಯದೇ?

ಡೊಂಬಿವಲಿ ನಿವಾಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಎಪ್ಪತ್ತೆಂಟು ವರ್ಷದ ನನ್ನ ತಾಯಿಯವರನ್ನು ಮುಂದಿನ ತಿಂಗಳು ಮುಂಬಯಿಯಿಂದ ಮಂಗಳೂರಿಗೆ ವಿಮಾನದಲ್ಲಿ ಕರೆದುಕೊಂಡು ಹೋಗಬೇಕಾಗಿದೆ. ಇಷ್ಟು ವರ್ಷ ಊರಿಗೆ ಹೋಗುವುದೆಂದರೆ ನಮಗೆ ಮತ್ಸ್ಯಗಂಧ ರೈಲೇ ಆಗಿತ್ತು. ಈಗ ಅವರ ಮೊಣಕಾಲು ನೋವಿನಿಂದಾಗಿ ರೈಲಿನ ಮೆಟ್ಟಿಲು ಹತ್ತುವುದೇ ಕಷ್ಟವಾಗಿದೆ. ವಿಮಾನ ಬೆಳಿಗ್ಗೆ 10 ಗಂಟೆಗೆ ಹೊರಡುತ್ತದೆ. ಅವರಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಹೊತ್ತಿಗೆ ಸರಿಯಾಗಿ ತಿನ್ನಬೇಕು, ಕಾಲು ಚಾಚಿ ಕೂರುವ ಜಾಗವೂ ಬೇಕು. ನನ್ನ ಬಳಿ ರೂಪೇ ಪ್ಲಾಟಿನಂ ಡೆಬಿಟ್ ಕಾರ್ಡ್ ಇದೆ. ಇಂಥ ಕಾರ್ಡ್ ಇದ್ದವರಿಗೆ ವಿಮಾನ ನಿಲ್ದಾಣದ ಲೌಂಜ್‌ಗೆ, ಅಂದರೆ ಊಟತಿಂಡಿಯೂ ಇರುವ ವಿಶ್ರಾಂತಿ ಕೋಣೆಗೆ, ಪ್ರವೇಶ ಸಿಗುತ್ತದಂತೆ. ಅದೇ ಕಾರ್ಡಿನಲ್ಲಿ ತಾಯಿಯವರನ್ನೂ ಲೌಂಜ್ ಒಳಗೆ ಕರೆದುಕೊಂಡು ಹೋಗಬಹುದೇ? ಬೆಳಗಿನ ಹೊತ್ತಿನಲ್ಲಿ ಅಲ್ಲಿ ನಿಜಕ್ಕೂ ವಿಶ್ರಾಂತಿ ಸಿಗುತ್ತದೆಯೇ?

ಅಂಧೇರಿಯಿಂದ ಉತ್ತರ:

ನಾನು ಕೆಲಸದ ನಿಮಿತ್ತ ತಿಂಗಳಿಗೆ ಎರಡು ಬಾರಿ ವಿಮಾನ ಹತ್ತುವವನು, ನನ್ನ ತಂದೆಯವರನ್ನೂ ಹೀಗೆಯೇ ಹಲವು ಸಲ ಕರೆದೊಯ್ದಿದ್ದೇನೆ. ಮೊದಲು ಕಾರ್ಡಿನ ವಿಷಯ. ಒಂದು ಡೆಬಿಟ್ ಕಾರ್ಡಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಒಬ್ಬರಿಗೆ ಮಾತ್ರ ಪ್ರವೇಶ ಸಿಗುತ್ತದೆ. ಜೊತೆಗೆ ಬಂದವರಿಗೆ ಬೇರೆ ಕಾರ್ಡ್ ಬೇಕು, ಇಲ್ಲವೇ ಹಣ ಕೊಡಬೇಕು, ಆ ಹಣ ತಲೆಗೆ ಸಾವಿರ ರೂಪಾಯಿ ದಾಟುವುದೇ ಹೆಚ್ಚು. ಕಾರ್ಡಿನ ಮೇಲಿನ ಹೆಸರನ್ನೂ ಬೋರ್ಡಿಂಗ್ ಪಾಸ್‌ನ ಹೆಸರನ್ನೂ ಹೋಲಿಸಿ ನೋಡುತ್ತಾರೆ. ತಾಯಿಯವರ ಬ್ಯಾಂಕ್ ಖಾತೆಗೂ ಅಂಥದೇ ಕಾರ್ಡ್ ಇದೆಯೇ ಎಂದು ಇಂದೇ ವಿಚಾರಿಸಿ. ಪಿಂಚಣಿ ಖಾತೆ ಇರುವ ಎಷ್ಟೋ ಹಿರಿಯರ ಬಳಿ ಅದು ಇರುತ್ತದೆ, ಆದರೆ ಅವರಿಗೆ ಗೊತ್ತಿರುವುದಿಲ್ಲ. ಕ್ರೆಡಿಟ್ ಕಾರ್ಡ್ ನಂಬಿಕೊಂಡಿದ್ದರೆ, ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕು ಎಂಬ ನಿಯಮವನ್ನು ಈಗ ಹಲವು ಬ್ಯಾಂಕುಗಳು ಇಟ್ಟಿವೆ ಎಂಬುದು ನೆನಪಿರಲಿ.

ಬೆಳಿಗ್ಗೆ ಲೌಂಜ್ ಬಾಗಿಲಲ್ಲಿ ಸಾಲು ಇರುತ್ತದೆ, ಅದನ್ನು ಮರೆಮಾಚುವುದಿಲ್ಲ. ಆದರೂ ನನ್ನ ಅಭಿಪ್ರಾಯದಲ್ಲಿ ನಿಮ್ಮ ತಾಯಿಯಂಥವರಿಗೇ ಆ ಜಾಗ ನಿಜವಾಗಿ ಬೇಕಾದದ್ದು. ಕಳೆದ ವರ್ಷ ನನ್ನ ತಂದೆ ಒಳಗೆ ಹೋದೊಡನೆ ಮೂಲೆಯ ಕುರ್ಚಿಯಲ್ಲಿ ಕುಳಿತು, ಚಪ್ಪಲಿ ಕಳಚಿ, ಬಿಸಿ ಚಹಾದ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು, ಸುಮಾರು ಹೊತ್ತು ಏನೂ ಮಾತಾಡದೆ ಗಾಜಿನಾಚೆಗಿನ ವಿಮಾನಗಳನ್ನು ನೋಡುತ್ತಿದ್ದರು. ನಸುಕಿನಲ್ಲಿ ಎದ್ದು, ಟ್ಯಾಕ್ಸಿಯಲ್ಲಿ ಕುಲುಕಾಡಿ, ಸೆಕ್ಯೂರಿಟಿಯಲ್ಲಿ ಬೆಲ್ಟು ಬಿಚ್ಚಿ ಕಟ್ಟಿ ಬಂದ ಆಯಾಸ ಅವರ ಮುಖದಿಂದ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಅವರು ತಿಂದದ್ದು ಎರಡು ಇಡ್ಲಿ ಮಾತ್ರ.

ಟಿಕೆಟಿನಲ್ಲಿ ಟರ್ಮಿನಲ್ ಯಾವುದೆಂದು ಸರಿಯಾಗಿ ನೋಡಿ. ದೇಶೀಯ ವಿಮಾನಗಳು ಸಾಂತಾಕ್ರೂಜ್ ಕಡೆಯ ಟರ್ಮಿನಲ್ 1 ಮತ್ತು ಸಹಾರ್ ಕಡೆಯ ಟರ್ಮಿನಲ್ 2 ಎರಡರಿಂದಲೂ ಹೊರಡುತ್ತವೆ. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿ ಮುಂಬಯಿ ವಿಮಾನ ನಿಲ್ದಾಣವನ್ನೂ ಈಗ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮಾಟುಂಗಾದಿಂದ ಉತ್ತರ:

ಮೇಲಿನವರ ಮಾತನ್ನು ಗೌರವಿಸುತ್ತಲೇ ಹೇಳುತ್ತೇನೆ: ಲೌಂಜ್‌ಗಿಂತ ವೀಲ್‌ಚೇರ್ ಮುಖ್ಯ. ಮೊಣಕಾಲು ನೋವಿನವರನ್ನು ಸೆಕ್ಯೂರಿಟಿಯಿಂದ ಲೌಂಜ್‌ಗೆ, ಅಲ್ಲಿಂದ ಗೇಟಿಗೆ ನಡೆಸುವುದಾದರೆ ಅಲ್ಲಿ ಪಡೆದ ವಿಶ್ರಾಂತಿಯೆಲ್ಲ ದಾರಿಯಲ್ಲೇ ಖರ್ಚಾಗುತ್ತದೆ. ಪ್ರಯಾಣಕ್ಕೆ ಕನಿಷ್ಠ 48 ಗಂಟೆ ಮೊದಲೇ ವಿಮಾನ ಸಂಸ್ಥೆಗೆ ವೀಲ್‌ಚೇರ್ ಬೇಕೆಂದು ತಿಳಿಸಿ. ಸಹಾಯಕರು ಲೌಂಜ್ ಬಳಿ ಬಿಟ್ಟು ಹೋಗುವುದಾದರೆ ಎಷ್ಟು ಗಂಟೆಗೆ ಮರಳಿ ಬರುತ್ತಾರೆಂದು ಕೇಳಿ, ಅವರ ಫೋನ್ ಸಂಖ್ಯೆ ಪಡೆದುಕೊಳ್ಳಿ. ಮಾತ್ರೆ, ಇನ್ಸುಲಿನ್ ಇದ್ದರೆ ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇರಲಿ. ಚಪಾತಿ, ಪಲ್ಯವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ; ಲೌಂಜ್ ಊಟದಲ್ಲಿ ಸಿಹಿಯೂ ಮೈದಾವೂ ಹೆಚ್ಚು. ಉಪ್ಪಿನಕಾಯಿಯನ್ನು ಮಾತ್ರ ಕೈಚೀಲದಲ್ಲಿ ಇಡಬೇಡಿ, ಸೆಕ್ಯೂರಿಟಿಯಲ್ಲಿ ತೆಗೆದಿಡುತ್ತಾರೆ.

ಪುಣೆಯಿಂದ ಉತ್ತರ:

ಒಂದು ಎಚ್ಚರಿಕೆ. ಎರಡು ವರ್ಷಗಳ ಹಿಂದೆ ನಾನು ಒಂದು ಲೌಂಜ್‌ನಲ್ಲಿ ನಿದ್ದೆ ಹೋಗಿ, ಎಚ್ಚರವಾದಾಗ ಗೇಟ್ ಮುಚ್ಚಿತ್ತು. ಹೊಸ ಟಿಕೆಟ್ ಕೊಂಡು ಸಂಜೆ ಊರು ಸೇರುವಷ್ಟರಲ್ಲಿ ಅಲ್ಲಿ ಚಿಕ್ಕಪ್ಪನವರ ಉತ್ತರಕ್ರಿಯೆ ಮುಗಿದಿತ್ತು. ಮುಂಬಯಿಯಲ್ಲಿ ಪ್ರತಿ ವಿಮಾನದ ಬೋರ್ಡಿಂಗ್ ಕರೆಯನ್ನು ಧ್ವನಿವರ್ಧಕದಲ್ಲಿ ಕೂಗುವುದಿಲ್ಲ, ಪರದೆಯನ್ನೇ ನೋಡಿಕೊಳ್ಳಬೇಕು. ಗೇಟ್ ವಿಮಾನ ಹೊರಡುವುದಕ್ಕೆ ಸುಮಾರು 25 ನಿಮಿಷ ಮೊದಲೇ ಮುಚ್ಚುತ್ತದೆ. ವೀಲ್‌ಚೇರ್‌ನವರನ್ನು ಸಾಮಾನ್ಯವಾಗಿ ಮೊದಲು ಹತ್ತಿಸುವುದರಿಂದ, 10ರ ವಿಮಾನಕ್ಕೆ 9ಕ್ಕೇ ಲೌಂಜ್ ಬಿಡಿ, ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ವಿಮಾನ ತಡವಾದರೆ ಗಾಬರಿಯಾಗಬೇಡಿ. ಮಂಗಳೂರಿನಂಥ ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾಗುವುದಿದ್ದರೆ, ಕಾದಿರುವ ಪ್ರಯಾಣಿಕರಿಗೆ ವಿಮಾನ ಸಂಸ್ಥೆಯೇ ತಿಂಡಿ ಪಾನೀಯ ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಸುಮ್ಮನೆ ಕೂರದೆ ಗೇಟ್ ಬಳಿಯ ಸಿಬ್ಬಂದಿಯನ್ನು ಕೇಳಿ.

ಡೊಂಬಿವಲಿ ನಿವಾಸಿ, ಪ್ರಯಾಣದ ನಂತರ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಾಯಿಯವರ ಪಿಂಚಣಿ ಖಾತೆಯ ಕಾರ್ಡಿಗೂ ಲೌಂಜ್ ಸೌಲಭ್ಯವಿತ್ತು. ಲೌಂಜ್ ಬಾಗಿಲಿನ ಕಾರ್ಡ್ ಯಂತ್ರದಲ್ಲಿ ಎರಡೇ ರೂಪಾಯಿ ಕಡಿತವಾದದ್ದನ್ನು ಕಂಡು ಅವರಿಗೆ ಆಶ್ಚರ್ಯವಾಯಿತು. ಏಳೂಮುಕ್ಕಾಲಿಗೆ ಒಳಗೆ ಹೋದೆವು. ಅವರು ಮನೆಯ ಚಪಾತಿ ತಿಂದು, ಮಾತ್ರೆ ನುಂಗಿ, ಸೆರಗನ್ನು ಮೈತುಂಬ ಹೊದ್ದು ಕುರ್ಚಿಗೆ ಒರಗಿ ನಲವತ್ತು ನಿಮಿಷ ನಿದ್ದೆ ಮಾಡಿದರು. ಎಂಟೂಮುಕ್ಕಾಲಿಗೆ ಬರುತ್ತೇನೆಂದ ಸಹಾಯಕರು ಹೇಳಿದ ಹೊತ್ತಿಗೇ ಬಂದರು. ಮಂಗಳೂರಿನಲ್ಲಿ ಇಳಿದಾಗ ತಾಯಿಯವರ ಕಾಲು ಊದಿರಲಿಲ್ಲ. ಕಾರಿನವರೆಗೆ ತಾವೇ ನಡೆದು ಬರುತ್ತೇನೆಂದು ಹಟ ಹಿಡಿದು, ನನ್ನ ತೋಳು ಹಿಡಿದುಕೊಂಡು ನಡೆದರು.