ಅಣು ಸ್ಥಾವರದ ಪರವಾನಗಿಯಲ್ಲಿ ‘ಆಡಳಿತಾತ್ಮಕ’ ಬದಲಾವಣೆ: ಪರಿಸರ ಪರಿಶೀಲನೆ ಬೇಡವೆಂದು ಹೇಗೆ ತೀರ್ಮಾನವಾಗುತ್ತದೆ?

ಪ್ರಶ್ನೆ

ಅಮೆರಿಕದ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್, ಅಂದರೆ ಎನ್‌ಆರ್‌ಸಿ, ವಿದ್ಯುತ್ ಸ್ಥಾವರಗಳ ಪರವಾನಗಿಗಳಿಗೆ ಮಾಡುವ ತಿದ್ದುಪಡಿಗಳ ಪ್ರಕಟಣೆಗಳನ್ನು ಓದುತ್ತಿದ್ದೇನೆ. ಬಹುಪಾಲು ಪ್ರಕಟಣೆಗಳಲ್ಲಿ, ಈ ತಿದ್ದುಪಡಿಗೆ ವಿಸ್ತಾರವಾದ ಪರಿಸರ ಪರಿಣಾಮ ವರದಿಯಾಗಲಿ ಅದಕ್ಕಿಂತ ಚಿಕ್ಕದಾದ ಪರಿಸರ ಮೌಲ್ಯಮಾಪನವಾಗಲಿ ಅಗತ್ಯವಿಲ್ಲ ಎಂಬ ಮಾತು ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಕಾಣಿಸುತ್ತದೆ. ಸರ್ಕಾರಿ ಸಂಸ್ಥೆಗಳು ತಮ್ಮ ಕ್ರಮಗಳ ಪರಿಸರ ಪರಿಣಾಮವನ್ನು ಮೊದಲೇ ಪರಿಶೀಲಿಸಬೇಕೆನ್ನುವ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ 1970ರ ಆರಂಭದಿಂದಲೇ ಜಾರಿಯಲ್ಲಿದೆ. ಅಣುಶಕ್ತಿ ಪರವಾನಗಿಗಳಿಗೆ ಅದು ಪೂರ್ಣವಾಗಿ ಅನ್ವಯಿಸಬೇಕೆಂದು 1971ರಲ್ಲಿ ಕ್ಯಾಲ್ವರ್ಟ್ ಕ್ಲಿಫ್ಸ್ ಪ್ರಕರಣದ ತೀರ್ಪು ಸ್ಪಷ್ಟವಾಗಿಯೇ ಹೇಳಿತು. ಹಾಗಿರುವಾಗ ಒಂದು ಬದಲಾವಣೆ ಕೇವಲ ಆಡಳಿತಾತ್ಮಕ ಎಂದು ಯಾರು, ಯಾವ ಆಧಾರದ ಮೇಲೆ ನಿರ್ಧರಿಸುತ್ತಾರೆ? ಪರಿಶೀಲನೆಯನ್ನೇ ಮಾಡದೆ ಪರಿಣಾಮವಿಲ್ಲವೆಂದು ಹೇಳುವುದು ಸರಿಯೇ?

ಉತ್ತರ 1

ಇಲ್ಲಿ ಪರಿಶೀಲನೆ ನಡೆಯುವುದೇ ಇಲ್ಲ ಎನ್ನುವುದಕ್ಕಿಂತ, ಅದು ಒಂದೊಂದು ಅರ್ಜಿಗೂ ಬೇರೆಬೇರೆಯಾಗಿ ನಡೆಯುವ ಬದಲು ಒಂದಿಡೀ ವರ್ಗಕ್ಕೆ ಮೊದಲೇ ನಡೆದುಹೋಗಿದೆ ಎನ್ನುವುದು ಹೆಚ್ಚು ಸರಿ. ಇದನ್ನೇ ಕ್ಯಾಟಗರಿಕಲ್ ಎಕ್ಸ್‌ಕ್ಲೂಷನ್ ಎನ್ನುತ್ತಾರೆ. ಒಂದು ಬಗೆಯ ಕ್ರಮಗಳು ಬಿಡಿಯಾಗಿಯೂ ಒಟ್ಟಾಗಿಯೂ ಪರಿಸರದ ಮೇಲೆ ಗಣನೀಯ ಪರಿಣಾಮ ಬೀರುವುದಿಲ್ಲ ಎಂದು ಆಯೋಗವು ನಿಯಮ ರೂಪಿಸುವಾಗಲೇ, ಸಾರ್ವಜನಿಕರ ಅಭಿಪ್ರಾಯಗಳನ್ನು ಪಡೆದು ತೀರ್ಮಾನಿಸಿರುತ್ತದೆ. ಎನ್‌ಆರ್‌ಸಿ ನಿಯಮಾವಳಿಯ 51ನೇ ಭಾಗದ 51.22ನೇ ವಿಧಿಯಲ್ಲಿ ಈ ವರ್ಗಗಳ ಪಟ್ಟಿ ಇದೆ.

ನೀವು ಕೇಳುತ್ತಿರುವ ಬದಲಾವಣೆಗಳಲ್ಲಿ ಹೆಚ್ಚಿನವು 51.22(ಸಿ)(10)ರ ಅಡಿ ಬರುತ್ತವೆ: ವಿಮೆ ಮತ್ತು ಖಾತರಿಯ ಷರತ್ತುಗಳು, ದಾಖಲೆ ಇಡುವ ಮತ್ತು ವರದಿ ಸಲ್ಲಿಸುವ ಕ್ರಮ, ಪರವಾನಗಿದಾರರ ಹೆಸರು ಮತ್ತು ವಿಳಾಸ, ಅಧಿಕಾರಿಗಳ ಹುದ್ದೆಯ ಹೆಸರು, ಪರವಾನಗಿಯ ಬರಹದಲ್ಲಿನ ಸಣ್ಣ ತಿದ್ದುಗಳು. 2022ರಲ್ಲಿ ಎಕ್ಸೆಲಾನ್ ಜನರೇಷನ್ ಕಂಪನಿಯು ಕಾನ್‌ಸ್ಟೆಲೇಷನ್ ಎನರ್ಜಿ ಜನರೇಷನ್ ಎಂಬ ಹೆಸರು ಪಡೆದಾಗ ಅದರ ಸ್ಥಾವರಗಳ ಪರವಾನಗಿಗಳಲ್ಲಿಯೂ ಹೆಸರು ಬದಲಾಗಬೇಕಾಯಿತು. ಹೆಸರು ಬದಲಾದ ಮಾತ್ರಕ್ಕೆ ನದಿಗೆ ಹರಿಯುವ ಬಿಸಿನೀರಾಗಲಿ ಗಾಳಿಗೆ ಸೇರುವ ವಿಕಿರಣಶೀಲ ಅನಿಲವಾಗಲಿ ಹೆಚ್ಚುವುದಿಲ್ಲ. ಇಂಥದ್ದಕ್ಕೂ ಪ್ರತ್ಯೇಕ ಮೌಲ್ಯಮಾಪನ ಬರೆಯುತ್ತ ಕುಳಿತರೆ, ನಿಜವಾಗಿ ಅಳೆಯಬೇಕಾದ ಪರವಾನಗಿ ನವೀಕರಣದಂಥ ವಿಷಯಗಳಿಗೆ ಸಿಬ್ಬಂದಿಯ ಗಮನ ಉಳಿಯುವುದಿಲ್ಲ. ನವೀಕರಣಕ್ಕಂತೂ ಪೂರ್ಣ ಪರಿಸರ ಪರಿಣಾಮ ವರದಿ ಕಡ್ಡಾಯ.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ, ಆದರೆ ಪ್ರಶ್ನೆಯ ಮುಖ್ಯ ಅಂಶ ಅದರಲ್ಲಿ ತಪ್ಪಿಹೋಗಿದೆ ಎಂದು ನನಗನ್ನಿಸುತ್ತದೆ. ಅದೇ ಪಟ್ಟಿಯ ಒಂಬತ್ತನೆಯ ವರ್ಗವನ್ನು ಹತ್ತನೆಯದರ ಪಕ್ಕದಲ್ಲಿಟ್ಟು ಓದಿ. ಸ್ಥಾವರದ ನಿರ್ಬಂಧಿತ ಪ್ರದೇಶದೊಳಗಿನ ಉಪಕರಣ ಅಥವಾ ತಪಾಸಣೆಯ ಷರತ್ತನ್ನು ಬದಲಿಸುವ ತಿದ್ದುಪಡಿಯನ್ನು ಒಂಬತ್ತನೆಯ ವರ್ಗಕ್ಕೆ ಸೇರಿಸಬೇಕಾದರೆ ಮೂರು ಸಂಗತಿಗಳು ಸಿದ್ಧವಾಗಬೇಕು. ಗಣನೀಯ ಅಪಾಯದ ಪ್ರಶ್ನೆ ಅದರಲ್ಲಿ ಇರಬಾರದು. ಹೊರಬಿಡುವ ತ್ಯಾಜ್ಯದ ಬಗೆಯಲ್ಲಿ ಗಣನೀಯ ಬದಲಾವಣೆ ಅಥವಾ ಪ್ರಮಾಣದಲ್ಲಿ ಗಣನೀಯ ಹೆಚ್ಚಳ ಆಗಬಾರದು. ಕೆಲಸಗಾರರು ಪಡೆಯುವ ವಿಕಿರಣದ ಪ್ರಮಾಣವೂ ಗಣನೀಯವಾಗಿ ಏರಬಾರದು. ಹತ್ತನೆಯ ವರ್ಗದಲ್ಲಿ ಈ ಮೂರು ಷರತ್ತುಗಳಿಲ್ಲ. ಬದಲಾವಣೆಯು ಆಡಳಿತಾತ್ಮಕ ಎಂದಾದರೆ ಸಾಕು. ಹೀಗಾಗಿ ಯಾವ ವರ್ಗಕ್ಕೆ ಸೇರಿಸಿದರು ಎಂಬುದೇ ಅಲ್ಲಿ ತೀರ್ಪಾಗಿಬಿಡುತ್ತದೆ, ಮತ್ತು ನಾವು ಕಣ್ಣಿಡಬೇಕಾದದ್ದು ಅಲ್ಲಿಯೇ.

ಹೆಸರು, ವಿಳಾಸಗಳ ಬಗ್ಗೆ ಯಾರಿಗೂ ತಕರಾರಿಲ್ಲ. ತೊಡಕು ಶುರುವಾಗುವುದು ಹಣ ಮತ್ತು ಹೊಣೆಗಾರಿಕೆಯ ವಿಷಯದಲ್ಲಿ. ಸ್ಥಾವರವನ್ನು ಕಳಚಿ ಜಾಗವನ್ನು ಶುದ್ಧಗೊಳಿಸಲೆಂದು ಕೂಡಿಟ್ಟ ನಿಧಿಯನ್ನು ಬೇರೆ ಕೆಲಸಕ್ಕೆ ಬಳಸಲು ಬಿಡುವುದು ಕಾಗದದ ಮೇಲೆ ಬರಿಯ ಲೆಕ್ಕಪತ್ರದ ವ್ಯವಹಾರ. ಆದರೆ ಆ ಹಣ ಮುಂದೆ ಸಾಲದೆ ಹೋದರೆ ಕಲುಷಿತ ಮಣ್ಣು ತೆಗೆಯುವ ಕೆಲಸ ವರ್ಷಗಟ್ಟಲೆ ಮುಂದಕ್ಕೆ ಹೋಗಬಹುದು. 2014ರ ಕೊನೆಯಲ್ಲಿ ಮುಚ್ಚಿದ ವರ್ಮಾಂಟ್ ಯಾಂಕೀ ಸ್ಥಾವರದ ನಿಧಿಯನ್ನು ಬಳಕೆಯಾದ ಇಂಧನದ ನಿರ್ವಹಣೆಗೆ ಉಪಯೋಗಿಸಲು 2015ರಲ್ಲಿ ವಿನಾಯಿತಿ ನೀಡಿದಾಗ ವರ್ಮಾಂಟ್ ರಾಜ್ಯ ಅದನ್ನು ಪ್ರಶ್ನಿಸಿತು. ಆ ವಿನಾಯಿತಿಗೆ ಪರಿಸರ ಮೌಲ್ಯಮಾಪನ ನಡೆಸಿ ಎಂದು 2016ರಲ್ಲಿ ಆಯೋಗವೇ ತನ್ನ ಸಿಬ್ಬಂದಿಗೆ ಸೂಚಿಸಿತು.

ಪರವಾನಗಿಯ ವರ್ಗಾವಣೆಯೂ ಹೀಗೆಯೇ. 51.22(ಸಿ)(21) ಪ್ರಕಾರ ಒಬ್ಬ ಮಾಲೀಕರಿಂದ ಇನ್ನೊಬ್ಬರಿಗೆ ಪರವಾನಗಿ ವರ್ಗಾಯಿಸಲು ನೀಡುವ ಒಪ್ಪಿಗೆಗೂ ಎಕ್ಸ್‌ಕ್ಲೂಷನ್ ಇದೆ. ಪಿಲ್‌ಗ್ರಿಮ್ ಸ್ಥಾವರ 2019ರಲ್ಲಿ ಎಂಟರ್ಜಿ ಕಂಪನಿಯಿಂದ ಹೋಲ್ಟೆಕ್ ಕಂಪನಿಗೆ ಹೋದಾಗ ಮ್ಯಾಸಚೂಸೆಟ್ಸ್ ರಾಜ್ಯ ಆಕ್ಷೇಪಣೆ ಎತ್ತಿತು. ಆ ವ್ಯಾಜ್ಯ 2020ರಲ್ಲಿ ರಾಜಿಯಲ್ಲಿ ಮುಗಿಯಿತು. ಸ್ಥಾವರವನ್ನು ಕಳಚುವ ಹೊಣೆ ಯಾರದು, ಅವರ ಕೈಯಲ್ಲಿ ಎಷ್ಟು ಹಣವಿದೆ ಎಂಬುದನ್ನು ಪರಿಸರದಿಂದ ಬೇರ್ಪಡಿಸಿ ನೋಡುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ವರ್ಗೀಕರಣವೇ ತಪ್ಪೆಂದು ಕಂಡರೆ, ರಾಜ್ಯ ಸರ್ಕಾರವಲ್ಲದ ಸಾಮಾನ್ಯರು ಅದನ್ನು ಎಲ್ಲಿ ಹೇಳಬಹುದು?

ಉತ್ತರ 3

ಅದೇ 51.22ನೇ ವಿಧಿಯ (ಬಿ) ಉಪವಿಧಿಯನ್ನು ನೋಡಿ. ವಿಶೇಷ ಸಂದರ್ಭಗಳಿದ್ದರೆ ಎಕ್ಸ್‌ಕ್ಲೂಷನ್ ಅನ್ವಯಿಸುವುದಿಲ್ಲ. ಅಂಥ ಸಂದರ್ಭವಿದೆಯೆಂದು ಆಯೋಗವು ತಾನಾಗಿಯೂ ನಿರ್ಧರಿಸಬಹುದು, ಆಸಕ್ತ ವ್ಯಕ್ತಿಯ ಕೋರಿಕೆಯ ಮೇಲೂ ನಿರ್ಧರಿಸಬಹುದು. ತಿದ್ದುಪಡಿಯ ಅರ್ಜಿ ಸಾಮಾನ್ಯವಾಗಿ ಅಮೆರಿಕ ಸರ್ಕಾರದ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟವಾಗುತ್ತದೆ. ಅಭಿಪ್ರಾಯ ಸಲ್ಲಿಸಲು 30 ದಿನ, ವಿಚಾರಣೆ ಕೋರಲು 60 ದಿನ ಇರುತ್ತದೆ. ವರ್ಗಾವಣೆಯ ಪ್ರಕರಣಗಳಲ್ಲಿ ವಿಚಾರಣೆ ಕೋರುವ ಅವಧಿ 20 ದಿನಗಳಷ್ಟೇ ಇರುವುದರಿಂದ ಪ್ರಕಟಣೆ ಬಂದ ದಿನವೇ ಗಮನಿಸಬೇಕಾಗುತ್ತದೆ.

ಒಂದು ಎಚ್ಚರಿಕೆ ಇದೆ. ತಿದ್ದುಪಡಿಯಲ್ಲಿ ಗಣನೀಯ ಅಪಾಯದ ಪ್ರಶ್ನೆಯಿಲ್ಲ ಎಂದು ಸಿಬ್ಬಂದಿ ಕಂಡುಕೊಂಡರೆ, ವಿಚಾರಣೆಯ ಕೋರಿಕೆ ಬಾಕಿಯಿದ್ದರೂ ಆ ತಿದ್ದುಪಡಿಯನ್ನು ಜಾರಿಗೊಳಿಸಲು 1983ರ ಕಾಯ್ದೆ ಅವಕಾಶ ನೀಡುತ್ತದೆ. ಆದ್ದರಿಂದ ಮೊದಲ 30 ದಿನಗಳಲ್ಲೇ ಬರೆಯಿರಿ. ಪರಿಸರಕ್ಕೆ ಹಾನಿಯಾದೀತು ಎಂಬ ಸಾಮಾನ್ಯ ಆತಂಕಕ್ಕೆ ಅಲ್ಲಿ ತೂಕ ಸಿಗುವುದಿಲ್ಲ. ಅರ್ಜಿಗೆ ಲಗತ್ತಿಸಿರುವ ಹಳೆಯ ಮತ್ತು ಹೊಸ ಪುಟಗಳನ್ನು ಎದುರುಬದುರು ಇಟ್ಟು ಓದಿ, ಯಾವ ಷರತ್ತು ಕೈಬಿಟ್ಟುಹೋಗಿದೆ, ಅದನ್ನು ಕೈಬಿಟ್ಟದ್ದರಿಂದ ಸ್ಥಾವರದಲ್ಲಿ ಯಾವ ಕೆಲಸ ನಿಲ್ಲುತ್ತದೆ ಅಥವಾ ತಡವಾಗುತ್ತದೆ ಎಂದು ಪುಟಸಂಖ್ಯೆಯೊಂದಿಗೆ ತೋರಿಸಿ. ಅರ್ಜಿಯೂ ಸಿಬ್ಬಂದಿಯ ಸುರಕ್ಷತಾ ಪರಿಶೀಲನೆಯೂ ಎನ್‌ಆರ್‌ಸಿಯ ಆಡಮ್ಸ್ ದಾಖಲೆ ಭಂಡಾರದಲ್ಲಿ ಸಿಗುತ್ತವೆ.