ಮಂಗಳೂರಲ್ಲಿ ಮೊದಲ ಬಾಡಿಗೆ ಮನೆ: ಬಿಜೈಯ ಹಂಚಿನ ಮನೆಯೋ, ಕೊಟ್ಟಾರದ ಫ್ಲ್ಯಾಟೋ?

ಕಾರ್ಕಳದವಳು:
ಎಲ್ಲರಿಗೂ ನಮಸ್ಕಾರ. ವಯಸ್ಸು 23, ಮಂಗಳೂರಲ್ಲಿ ಕೆಲಸ. ಮೊದಲು ಕಾರ್ಕಳದಿಂದಲೇ ದಿನಾ ಬಸ್ಸಲ್ಲಿ ಓಡಾಡಿದೆ, ಈಗ ಪಿಜಿಯಲ್ಲಿದ್ದೇನೆ. ರಾತ್ರಿ ಒಂಬತ್ತಕ್ಕೆ ಗೇಟು ಹಾಕುತ್ತಾರೆ, ನನ್ನ ಶಿಫ್ಟ್ ಮುಗಿಯುವುದೇ ಎಂಟೂವರೆಗೆ, ದಿನಾ ಓಡುವುದೇ ಆಯ್ತು. ಒಂದು ಬಾಡಿಗೆ ಮನೆ ಮಾಡಬೇಕು ಅಂತ ಇದೆ. ಕೈಗೆ ಬರುವ ಸಂಬಳ 26 ಸಾವಿರ.

ಎರಡು ಮನೆ ನೋಡಿದ್ದೇನೆ. ಒಂದು ಬಿಜೈಯಲ್ಲಿ, ಓನರ್ ಮನೆಯ ಹಿಂದೆ ಸಣ್ಣ ಹಂಚಿನ ಮನೆ. ಒಂದು ರೂಮು, ಅಡುಗೆಮನೆ, ಹೊರಗೆ ಬಟ್ಟೆ ಒಗೆಯುವ ಕಲ್ಲು, ಬಾವಿ ಉಂಟು. ಬಾಡಿಗೆ 8 ಸಾವಿರ, ಅಡ್ವಾನ್ಸ್ 40. ಇನ್ನೊಂದು ಕೊಟ್ಟಾರ ಚೌಕಿ ಹತ್ತಿರ ಮೂರನೇ ಮಾಳಿಗೆಯ ಫ್ಲ್ಯಾಟ್. ಬಾಡಿಗೆ 11 ಸಾವಿರ, ಮೇಂಟೆನೆನ್ಸ್ ಬೇರೆ, ಅಡ್ವಾನ್ಸ್ 75, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಹೊಸ ಪೇಂಟ್, ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತು. ನಾಳೆಯೇ ಟೋಕನ್ ಕೊಡಿ ಅಂತಿದ್ದಾರೆ. ಅಮ್ಮನಿಗೆ ಎರಡೂ ಬೇಡ, ಒಬ್ಬಳೇ ಇರುವುದು ಎಂತಕ್ಕೆ ಅಂತ ದಿನಾ ಫೋನಲ್ಲಿ ಅದೇ ಮಾತು. ಏನೆಲ್ಲ ನೋಡಬೇಕು, ಏನೆಲ್ಲ ಕೇಳಬೇಕು?

ಪಡೀಲ್ ಅಣ್ಣ:
ಟೋಕನ್ ಕೊಡಬೇಡಿ, ಮೊದಲು ಗೋಡೆ ನೋಡಿ. ಏಪ್ರಿಲ್‌ನಲ್ಲಿ ಮಂಗಳೂರಿನ ಎಲ್ಲ ಮನೆಯೂ ಚಂದವೇ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಹೊಸ ಪೇಂಟ್ ಅಂದಿರಲ್ಲ, ಅದೇ ನನಗೆ ಅನುಮಾನ. ಕಿಟಕಿಯ ಕೆಳಗಿನ ಮೂಲೆ, ಬಾತ್ರೂಮಿಗೆ ತಾಗಿದ ಗೋಡೆ, ಇಲ್ಲೆಲ್ಲ ಕೈಯಿಟ್ಟು ನೋಡಿ. ಪೇಂಟ್ ಗುಳ್ಳೆ ಎದ್ದಿದ್ದರೆ, ಉಗುರಲ್ಲಿ ಕೆರೆದಾಗ ಬಿಳಿ ಹುಡಿ ಉದುರಿದರೆ ಗೋಡೆ ನೀರು ಕುಡಿದಿದೆ ಅಂತಲೇ ಲೆಕ್ಕ. ಕಪಾಟಿನ ಬಾಗಿಲು ತೆಗೆದು ಮೂಸಿ. ಬೂಸ್ಟು ಹಿಡಿದ ವಾಸನೆ ಪೇಂಟ್ ಹೊಡೆದರೂ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅಂಥ ಮನೆಯಲ್ಲಿ ಜುಲೈ ಬಂತೆಂದರೆ ಬೆಲ್ಟು, ಬ್ಯಾಗು, ಮಡಚಿಟ್ಟ ಬಟ್ಟೆ, ಯಾವುದನ್ನೂ ಬಿಡುವುದಿಲ್ಲ.

ಕೊಟ್ಟಾರ ಚೌಕಿಯಲ್ಲಿ ಜೋರು ಮಳೆಗೆ ರಸ್ತೆಯಲ್ಲೇ ನೀರು ನಿಲ್ಲುವುದು ಊರಿಗೆಲ್ಲ ಗೊತ್ತಿರುವ ವಿಷಯ. ಮೂರನೇ ಮಾಳಿಗೆಗೆ ಬಾರದು, ಸರಿ, ಆದರೆ ಸ್ಕೂಟರ್ ಎಲ್ಲಿ ಇಡುತ್ತೀರಿ, ಸಂಪಿಗೆ ಕೊಳಕು ನೀರು ಸೇರುತ್ತದಾ, ಲಿಫ್ಟ್ ನಿಲ್ಲಿಸುತ್ತಾರಾ? ಇದನ್ನೆಲ್ಲ ವಾಚ್‌ಮನ್ ಹತ್ತಿರ ಕೇಳಿ, ಬ್ರೋಕರ್ ಹತ್ತಿರ ಅಲ್ಲ.

ಇನ್ನು ಬೇಸಿಗೆ. ನಗರಕ್ಕೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. 2019ರಲ್ಲೂ 2023ರಲ್ಲೂ ಮೇ ತಿಂಗಳಲ್ಲಿ ಅಲ್ಲಿ ನೀರು ಇಳಿದು ರೇಷನಿಂಗ್ ಮಾಡಿದ್ದರು. ಹಾಗಾಗಿ ಬಾವಿ ಇರುವುದು ಸಣ್ಣ ವಿಷಯ ಅಲ್ಲ. ಮೇ ಕೊನೆಯವರೆಗೂ ನೀರು ಇರುತ್ತದಾ ಅಂತ ಮಾತ್ರ ಪಕ್ಕದ ಮನೆಯವರನ್ನು ಕೇಳಿ.

ಕಡಲಬದಿ:
ಹಂಚಿನ ಮನೆಯಲ್ಲೂ ಕಷ್ಟ ಉಂಟು, ಅದನ್ನೂ ಹೇಳಬೇಕಲ್ವಾ. ಒಂದು ಹಂಚು ಒಡೆದರೆ ಹಾಸಿಗೆ ಮೇಲೆ ನೀರು. ಮಳೆಗೆ ಮೊದಲು ಹಂಚು ಸರಿ ಮಾಡಿಸುವ ಖರ್ಚು ಓನರ್‌ದೇ ಅಂತ ಅಗ್ರಿಮೆಂಟಿನಲ್ಲಿ ಬರೆಸಿ.

ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ, ಒಂದು ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ ಅಂತ. ಸೈನ್ ಹಾಕುವ ಮೊದಲು ಅಡ್ವಾನ್ಸ್ ವಾಪಸ್ ಕೊಡುವ ಸಾಲನ್ನು ಎರಡು ಸಲ ಓದಿ. ನನ್ನ ಹಿಂದಿನ ಓನರ್ ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆಯಷ್ಟು ಹಿಡಿದುಕೊಂಡರು. ಗೋಡೆ ಮೊದಲೇ ಹಾಗಿತ್ತು, ನನ್ನ ಹತ್ತಿರ ಫೋಟೋ ಇದ್ದ ಕಾರಣ ಅರ್ಧವಾದರೂ ವಾಪಸ್ ಬಂತು. ಕೀ ಕೈಗೆ ಬಂದ ದಿನವೇ ಇಡೀ ಮನೆಯ ವೀಡಿಯೋ ಮಾಡಿ ಓನರಿಗೆ ವಾಟ್ಸಾಪ್ ಮಾಡಿಬಿಡಿ, ಮೀಟರ್ ರೀಡಿಂಗ್ ಸಮೇತ. ದುಡ್ಡು ಬ್ಯಾಂಕ್ ಮೂಲಕವೇ ಹಾಕಿ.

ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಹಿಂದೆ ಇದ್ದವರು ಆ ಮೀಟರಿಗೆ ತಮ್ಮ ಆಧಾರ್ ಲಿಂಕ್ ಮಾಡಿದ್ದರೆ ಡಿಲಿಂಕ್ ಮಾಡಿಸಲು ಹೇಳಿ, ಆಮೇಲೆ ಸೇವಾಸಿಂಧುವಿನಲ್ಲಿ ನಿಮ್ಮದು ಹಾಕಿ. ಬಿಜೈಯಲ್ಲಿ ನಿಮಗೆ ಬೇರೆ ಮೀಟರ್ ಉಂಟಾ ಅಂತಲೂ ಕೇಳಿ, ಓನರ್ ಮೀಟರಿನಿಂದಲೇ ಲೈನ್ ಎಳೆದಿದ್ದರೆ ಕರೆಂಟ್ ಲೆಕ್ಕ ಹೇಗೆ ಅಂತ ಮೊದಲೇ ಮಾತಾಡಿಕೊಳ್ಳಿ.

ಇನ್ನು ದುಡ್ಡು. ಕೊಟ್ಟಾರದಲ್ಲಿ ಅಡ್ವಾನ್ಸ್, ಬಾಡಿಗೆ, ಬ್ರೋಕರ್ ಸೇರಿ ಮೊದಲ ದಿನವೇ 97 ಸಾವಿರ. ಬಿಜೈಯಲ್ಲಿ ಬ್ರೋಕರ್ ಇಲ್ಲದಿದ್ದರೆ 48. ಸ್ಟವ್, ಬಕೆಟ್, ಹಾಸಿಗೆ ಇನ್ನೂ ಬಾಕಿ. 26 ಸಾವಿರ ಸಂಬಳಕ್ಕೆ ಕೊಟ್ಟಾರ ಜಾಸ್ತಿ ಆಯ್ತು.

ಕದ್ರಿ ಅಕ್ಕ:
ಮಗಾ, ನನಗೂ ನಿನ್ನಷ್ಟೇ ದೊಡ್ಡ ಮಗಳಿದ್ದಾಳೆ. ಅಮ್ಮನ ಹತ್ತಿರ ಫೋನಲ್ಲಿ ವಾದ ಮಾಡಬೇಡ. ಒಂದು ಭಾನುವಾರ ಬಸ್ಸು ಹತ್ತಿಸಿ ಕರೆದುಕೊಂಡು ಬಾ, ಬಿಜೈ ಮನೆ ತೋರಿಸು, ಓನರ್ ಮನೆಯ ಹೆಂಗಸಿನ ಜೊತೆ ಅವರೇ ತುಳುವಿನಲ್ಲಿ ಮಾತಾಡಲಿ. ಜನ ಏನು ಹೇಳುತ್ತಾರೆ ಅನ್ನುವುದು ಬಾಯಿಮಾತು, ನಿನಗೆ ಜ್ವರ ಬಂದರೆ ಗಂಜಿ ಕೊಡುವವರು ಯಾರು ಅನ್ನುವುದೇ ಅವರ ನಿಜವಾದ ಹೆದರಿಕೆ. ಅಪ್ಪ ಅಮ್ಮ ಒಪ್ಪುವುದಕ್ಕೆ ಸಮಯ ಬೇಕು, ಕೊಡು.

ನೀನು ಮಾತ್ರ ರಾತ್ರಿ ಒಂಬತ್ತು ಗಂಟೆಗೆ ಒಮ್ಮೆ ಆ ಓಣಿಯಲ್ಲಿ ನಡೆದು ನೋಡು, ಬೀದಿದೀಪ ಉಂಟಾ, ನಾಯಿ ಉಂಟಾ ಅಂತ. ಗೇಟಿಗೆ ನಿನ್ನದೇ ಕೀ ಕೇಳು. ಇಲ್ಲದಿದ್ದರೆ ಅದೂ ಪಿಜಿಯೇ ಆಯ್ತು. ಮೀನು ಮಾಡಬಹುದಾ, ಗೆಳತಿಯರು ಬಂದು ಉಳಿಯಬಹುದಾ, ಇದನ್ನೆಲ್ಲ ನಾಚಿಕೆ ಬಿಟ್ಟು ಮೊದಲೇ ಕೇಳು. ಗ್ಯಾಸಿಗೆ ಸದ್ಯಕ್ಕೆ 5 ಕಿಲೋದ ಸಣ್ಣ ಸಿಲಿಂಡರ್ ಸಾಕು, ಗುರುತಿನ ಚೀಟಿ ತೋರಿಸಿದರೆ ಕೊಡುತ್ತಾರೆ. ಕುಚ್ಚಲಕ್ಕಿ ಊಟವಾದರೆ ಒಂದು ಥರ್ಮಲ್ ಕುಕ್ಕರ್ ತಗೋ. ಬೆಳಿಗ್ಗೆ ಒಂದು ಕುದಿ ಬರಿಸಿ ಅದರೊಳಗಿಟ್ಟು ಹೋದರೆ ರಾತ್ರಿಗೆ ಅನ್ನ ಬೆಂದಿರುತ್ತದೆ, ಗ್ಯಾಸ್ ಎಷ್ಟೋ ಉಳಿಯುತ್ತದೆ.

ಕಾರ್ಕಳದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಫ್ಲ್ಯಾಟಿಗೆ ಮತ್ತೆ ಹೋಗಿ ಕಪಾಟು ತೆಗೆದು ನೋಡಿದೆ, ವಾಸನೆ ಉಂಟು. ಬ್ರೋಕರಿಗೆ ಬೇಡ ಅಂದೆ. ಬಿಜೈಯವರು ಮೀನಿಗೆ ಅಡ್ಡಿಯಿಲ್ಲ, ಗೇಟಿನ ಕೀ ಕೊಡುತ್ತೇವೆ ಅಂದರು. ಮೀಟರ್ ಬೇರೆಯೇ ಉಂಟಂತೆ. ಹಂಚಿನ ವಿಷಯ ಬರೆಯುವುದಕ್ಕೆ ಮಾತ್ರ ಸ್ವಲ್ಪ ಹಿಂದೆ ಮುಂದೆ ನೋಡುತ್ತಿದ್ದಾರೆ, ಬಾಯಿಮಾತು ಸಾಕು ಅಂತ. ಭಾನುವಾರ ಅಮ್ಮ ಬರುತ್ತಾರೆ. ಬರೆಯದೆ ಒಪ್ಪಬಹುದಾ?

ಕಡಲಬದಿ:
ಬೇಡ. ಒಂದೇ ಸಾಲು ಸಾಕು, ಆದರೆ ಬರೆಸಿಯೇ ಸೈನ್ ಹಾಕಿ.